ಆಫ್‌ಸೆಟ್ಟೋ ಡಿಜಿಟಲ್ಲೋ? ಹಾಸನ, ಚಿಕ್ಕಮಗಳೂರಿನಲ್ಲಿ ಅಚ್ಚು ಹಾಕಿಸುವವರಿಗೊಂದು ಹೋಲಿಕೆ

ಬೇಲೂರಿನ ಹೋಮ್‌ಸ್ಟೇಗೆ ಬಣ್ಣದ ಕರಪತ್ರ ಬೇಕು. ಮೂಡಿಗೆರೆಯಲ್ಲಿ ಕಾಫಿಪುಡಿ ಮಾಡುವವರಿಗೆ ಪೊಟ್ಟಣದ ಲೇಬಲ್ ಬೇಕು. ಅರಸೀಕೆರೆಯ ಕೊಬ್ಬರಿ ಮಂಡಿಗೆ ಬಿಲ್ ಬುಕ್, ಹಾಸನದಲ್ಲಿ ಮೊದಲ ಕವನ ಸಂಕಲನ ತರುವವರಿಗೆ ಮುನ್ನೂರು ಪ್ರತಿ. ಪ್ರೆಸ್ಸಿನ ಬಾಗಿಲಲ್ಲಿ ನಾಲ್ವರೂ ಕೇಳುವುದು ಒಂದೇ ಮಾತು: "ಒಂದಕ್ಕೆ ಎಷ್ಟು ಬೀಳುತ್ತೆ?" ಒಬ್ಬರು ಆಫ್‌ಸೆಟ್ಟೇ ಸರಿ ಎನ್ನುತ್ತಾರೆ. ಇನ್ನೊಬ್ಬರು ಡಿಜಿಟಲ್ಲಿನಲ್ಲಿ ಸಂಜೆಗೇ ಕೊಡುತ್ತೇನೆ ಎನ್ನುತ್ತಾರೆ. ಬೆಂಗಳೂರಿಗೋ ಶಿವಕಾಶಿಗೋ ಕಳಿಸಿದರೆ ಇನ್ನೂ ಅಗ್ಗ ಎಂದು ಮೂರನೆಯವರು ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ, ಅವರವರ ಯಂತ್ರದ ಲೆಕ್ಕ ಬೇರೆ. ಆ ಲೆಕ್ಕ ಗೊತ್ತಾದರೆ ಯಾವ ಬಾಗಿಲಿಗೆ ಹೋಗಬೇಕೆಂದು ನೀವೇ ತೀರ್ಮಾನಿಸಬಹುದು.

ಮೊದಲು ಇವನ್ನು ಬರೆದುಕೊಳ್ಳಿ

ದರ ಕೇಳುವ ಮುಂಚೆ ಒಂದು ಚೀಟಿಯಲ್ಲಿ ಉತ್ತರ ಬರೆದಿಟ್ಟುಕೊಳ್ಳಬೇಕಾದ ಪ್ರಶ್ನೆಗಳಿವೆ. ಎಷ್ಟು ಪ್ರತಿ? ಅದೇ ಕೆಲಸ, ಒಂದಕ್ಷರವೂ ಬದಲಾಗದೆ, ಆರು ತಿಂಗಳ ಮೇಲೆ ಮತ್ತೆ ಬೇಕಾಗುತ್ತದೆಯೆ? ಬಣ್ಣ ಒಂದೋ ನಾಲ್ಕೋ, ಅದರಲ್ಲಿ ಯಾವುದಾದರೂ ಬಣ್ಣ ಪ್ರತಿ ಸಲವೂ ತದ್ರೂಪವಾಗಿಯೇ ಬರಬೇಕೆ? ಅಚ್ಚಾದ ಕಾಗದದ ಗತಿಯೇನು: ಮಡಿಸುತ್ತೀರಾ, ಮೇಲೆ ಪೆನ್ನಿನಲ್ಲಿ ಬರೆಯುತ್ತೀರಾ, ಲ್ಯಾಮಿನೇಷನ್ ಮಾಡುತ್ತೀರಾ, ಎಣ್ಣೆ ನೀರು ತಾಗುವ ಕಡೆ ಅಂಟಿಸುತ್ತೀರಾ? ಪ್ರತಿಯೊಂದು ಪ್ರತಿಯಲ್ಲೂ ಹೆಸರೋ ಸಂಖ್ಯೆಯೋ ಬದಲಾಗಬೇಕೆ? ಯಾವ ತಾರೀಕಿಗೆ ಕೈಗೆ ಬೇಕು?

ಇವುಗಳಲ್ಲಿ ಮೊದಲ ಎರಡೇ ಮುಕ್ಕಾಲು ಪಾಲು ತೀರ್ಮಾನ ಮಾಡಿಬಿಡುತ್ತವೆ. ಆಫ್‌ಸೆಟ್‌ನಲ್ಲಿ ದುಡ್ಡು ಮೊದಲ ಒಳ್ಳೆಯ ಹಾಳೆ ಹೊರಬರುವ ಮುಂಚೆಯೇ ಖರ್ಚಾಗುತ್ತದೆ. ಡಿಜಿಟಲ್‌ನಲ್ಲಿ ಪ್ರತಿ ಹಾಳೆಗೂ ಅಷ್ಟಷ್ಟೇ ಖರ್ಚಾಗುತ್ತ ಹೋಗುತ್ತದೆ. ಉಳಿದದ್ದೆಲ್ಲ ಇದರ ಕವಲುಗಳು.

ಆಫ್‌ಸೆಟ್ ಯಂತ್ರದಲ್ಲಿ ನಡೆಯುವುದೇನು

ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದರ ಮೇಲೆ ಇಡೀ ವಿದ್ಯೆ ನಿಂತಿದೆ. ಬವೇರಿಯಾದಲ್ಲಿ ಅಲೋಯ್ಸ್ ಸೆನೆಫೆಲ್ಡರ್ 1796ರಲ್ಲಿ ಕಲ್ಲಚ್ಚು ಕಂಡುಹಿಡಿದಾಗ ಇದ್ದ ತತ್ವವೇ ಇಂದಿಗೂ ಇದೆ, ಕಲ್ಲಿನ ಜಾಗಕ್ಕೆ ತೆಳು ಅಲ್ಯೂಮಿನಿಯಂ ಪ್ಲೇಟ್ ಬಂದಿದೆ. ಪ್ಲೇಟಿನ ಮೇಲೆ ಅಕ್ಷರ, ಚಿತ್ರ ಇರುವ ಭಾಗ ಎಣ್ಣೆಯನ್ನು ಹಿಡಿಯುತ್ತದೆ, ಖಾಲಿ ಭಾಗ ನೀರನ್ನು ಹಿಡಿಯುತ್ತದೆ. ಯಂತ್ರ ಸುತ್ತಿದಂತೆ ಮೊದಲು ನೀರಿನ ರೋಲರು, ಆಮೇಲೆ ಇಂಕಿನ ರೋಲರು ಪ್ಲೇಟನ್ನು ಸವರುತ್ತವೆ. ನೀರು ಕುಡಿದ ಜಾಗದಲ್ಲಿ ಇಂಕ್ ನಿಲ್ಲುವುದಿಲ್ಲ. ಪ್ಲೇಟಿನಿಂದ ಚಿತ್ರ ನೇರ ಕಾಗದಕ್ಕೆ ಹೋಗದೆ ಬ್ಲಾಂಕೆಟ್ ಎಂಬ ರಬ್ಬರ್ ಹಾಸಿಗೆ ಇಳಿದು, ಅಲ್ಲಿಂದ ಕಾಗದಕ್ಕೆ ಒತ್ತಿಕೊಳ್ಳುತ್ತದೆ. ರಬ್ಬರು ಮೆತ್ತಗಿರುವುದರಿಂದ ಒರಟು ಕಾಗದದ ಮೇಲೂ ಸಣ್ಣ ಗೆರೆ ಕಡಿಯದೆ ಬರುತ್ತದೆ. ಕನ್ನಡದ ಒತ್ತಕ್ಷರ 8 ಪಾಯಿಂಟ್‌ನಲ್ಲೂ ಚೊಕ್ಕಟವಾಗಿ ಕಾಣುವುದಕ್ಕೆ ಇದೇ ಕಾರಣ.

ಬಣ್ಣದ ಕೆಲಸಕ್ಕೆ ಇಂಥ ನಾಲ್ಕು ಪ್ಲೇಟು ಬೇಕು: ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಚಿತ್ರವೆಲ್ಲ ಚುಕ್ಕಿಗಳಾಗಿ ಒಡೆದು, ಪ್ರತಿ ಬಣ್ಣದ ಚುಕ್ಕಿಸಾಲು ಬೇರೆ ಬೇರೆ ಕೋನದಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಸಯಾನ್ 15, ಮೆಜೆಂಟಾ 75, ಹಳದಿ 0, ಕಪ್ಪು 45 ಡಿಗ್ರಿ. ಕೋನ ತಪ್ಪಿದರೆ ಚಿತ್ರದ ಮೇಲೆ ಬಲೆ ಹಾಸಿದ ಹಾಗೆ ಜಾಲರಿ ಕಾಣುತ್ತದೆ. ನುಣುಪು ಲೇಪವಿರುವ ಆರ್ಟ್ ಪೇಪರಿಗೆ ಇಂಚಿಗೆ 150ರಿಂದ 175 ಚುಕ್ಕಿಸಾಲು ಹಾಕಬಹುದು. ನ್ಯೂಸ್‌ಪ್ರಿಂಟಿಗೆ 85ರಿಂದ 100 ಸಾಕು, ಮೀರಿದರೆ ಇಂಕು ಹರಡಿ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಚಿತ್ರ ಕಪ್ಪಿಡುತ್ತದೆ.

ಯಂತ್ರದ ಮುಂದೆ ನಿಂತವರ ನಿಜವಾದ ಕೆಲಸ ನೀರು ಮತ್ತು ಇಂಕಿನ ಹದ ಕಾಯುವುದು. ನೀರು ಕಡಿಮೆಯಾದರೆ ಖಾಲಿ ಇರಬೇಕಾದ ಜಾಗವೆಲ್ಲ ಮಾಸಲಾಗುತ್ತದೆ. ಹೆಚ್ಚಾದರೆ ಇಂಕಿನೊಳಗೆ ನೀರು ಸೇರಿಕೊಂಡು ಬಣ್ಣ ತೊಳೆದಂತಾಗುತ್ತದೆ, ಒಣಗುವುದೂ ತಡ. ದ್ರಾವಣ ಬೆರೆಸಿದ ನೀರಿನ ಪಿಎಚ್ (ಹುಳಿಯ ಅಳತೆ) 4.8ರಿಂದ 5.5ರ ಒಳಗಿರಬೇಕು. ಅದಕ್ಕಿಂತ ಹುಳಿಯಾದರೆ ಇಂಕು ಒಣಗದೆ ಕಾಡುತ್ತದೆ. ಗಡಸು ಬೋರ್‌ವೆಲ್ ನೀರನ್ನು ಹಾಗೇ ಸುರಿದರೆ ಸುಣ್ಣದ ಪದರ ರೋಲರಿಗೆ ಕಟ್ಟಿ, ರೋಲರು ಇಂಕು ಹಿಡಿಯುವುದನ್ನೇ ಬಿಡುತ್ತದೆ. ಶುದ್ಧೀಕರಿಸಿದ ನೀರು ಬಳಸುವ ಪ್ರೆಸ್ಸಿನವರು ಈ ತೊಂದರೆ ಅರಿತವರು ಎಂದು ತಿಳಿಯಬಹುದು.

ಈ ಹದಕ್ಕೆ ಬರುವವರೆಗೆ ಹಾಳೆಗಳು ಹಾಳಾಗುತ್ತವೆ. ಚಿಕ್ಕ ಯಂತ್ರದಲ್ಲಿ ಬಣ್ಣಕ್ಕೆ 50ರಿಂದ 100, ನಾಲ್ಕು ಬಣ್ಣದ ದೊಡ್ಡ ಯಂತ್ರದಲ್ಲಿ ಒಂದು ಕೆಲಸಕ್ಕೆ 150ರಿಂದ 300. ಪ್ಲೇಟು, ಜೋಡಣೆ, ಕೆಟ್ಟ ಹಾಳೆ, ಕೊನೆಗೆ ಯಂತ್ರ ತೊಳೆಯುವುದು, ಇವೆಲ್ಲ ನೀವು ನೂರು ಕೇಳಿದರೂ ಅಷ್ಟೇ, ಹತ್ತು ಸಾವಿರ ಕೇಳಿದರೂ ಅಷ್ಟೇ. ಅದಕ್ಕೇ ಪ್ರೆಸ್ಸಿನವರು ಅಚ್ಚಿನ ಕೂಲಿಯನ್ನು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಮುನ್ನೂರು ಹೊಡೆದರೂ ಸಾವಿರದ ಕೂಲಿಯೇ. "ಅಷ್ಟು ಕೊಟ್ಟಮೇಲೆ ಸಾವಿರವೇ ಹಾಕಿಸಿ" ಎನ್ನುವ ಮಾತಿನಲ್ಲಿ ನ್ಯಾಯವಿದೆ, ಆದರೆ ಉಳಿದ ಏಳುನೂರಕ್ಕೆ ಕಾಗದದ ದುಡ್ಡು ನಿಮ್ಮದು, ಖರ್ಚಾಗದಿದ್ದರೆ ಅಟ್ಟವೂ ನಿಮ್ಮದು.

ಡಿಜಿಟಲ್ ಎಂದರೆ

ಇಲ್ಲಿ ಪ್ಲೇಟಿಲ್ಲ, ನೀರಿಲ್ಲ. ಟೋನರ್ ಎಂಬ ಬಣ್ಣದ ಪುಡಿಯನ್ನು ವಿದ್ಯುತ್ ಸೆಳೆತದಿಂದ ಕಾಗದದ ಮೇಲೆ ಕೂರಿಸಿ, ಕಾದ ರೋಲರಿನಲ್ಲಿ ಕರಗಿಸಿ ಅಂಟಿಸುತ್ತಾರೆ. ಮೊದಲ ಹಾಳೆಯೇ ಒಳ್ಳೆಯ ಹಾಳೆ. ಒಂದು ಪ್ರತಿಯೂ ಆಗುತ್ತದೆ, ಪ್ರತಿ ಹಾಳೆಯಲ್ಲೂ ಬೇರೆ ಹೆಸರು ಬೇಕೆಂದರೂ ಆಗುತ್ತದೆ. ಸನ್ಮಾನ ಪತ್ರ, ತರಬೇತಿ ಪ್ರಮಾಣಪತ್ರ, ಹೆಸರಿರುವ ಬ್ಯಾಡ್ಜು ಇವಕ್ಕೆ ಬೇರೆ ದಾರಿ ಹುಡುಕುವ ಅಗತ್ಯವಿಲ್ಲ.

ಮಿತಿಗಳೂ ಸ್ಪಷ್ಟ. ನಮ್ಮ ಊರುಗಳ ಡಿಜಿಟಲ್ ಯಂತ್ರಗಳಲ್ಲಿ ಹಾಳೆ ಸಾಮಾನ್ಯವಾಗಿ 12×18 ಅಥವಾ 13×19 ಇಂಚು, ಅದಕ್ಕಿಂತ ದೊಡ್ಡದು ಕಷ್ಟ. ಟೋನರು ಕಾಗದದೊಳಗೆ ಇಳಿಯದೆ ಮೇಲೆಯೇ ಪದರವಾಗಿ ನಿಲ್ಲುವುದರಿಂದ ದಪ್ಪ ಕಾಗದ ಮಡಿಸಿದಾಗ ಮಡಿಕೆಯಲ್ಲಿ ಬಿರಿದು ಬಿಳಿ ಗೆರೆ ಕಾಣುತ್ತದೆ. 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ದಾಟಿದ ಕಾಗದವಾದರೆ ಮಡಿಸುವ ಮೊದಲು ಕ್ರೀಸಿಂಗ್, ಅಂದರೆ ಮಡಿಕೆಯ ಜಾಗದಲ್ಲಿ ಗೆರೆ ಒತ್ತುವುದನ್ನು, ಮಾಡಿಸಲೇಬೇಕು. ಲ್ಯಾಮಿನೇಷನ್ ಫಿಲ್ಮು ಕೆಲವೊಮ್ಮೆ ಟೋನರಿನ ಮೇಲೆ ಸರಿಯಾಗಿ ಕೂರದೆ ಗುಳ್ಳೆ ಏಳುತ್ತದೆ, ಅದಕ್ಕೆ ಹೆಚ್ಚು ಅಂಟಿನ ಫಿಲ್ಮು ಬೇಕು. ಒಂದೇ ಬಣ್ಣದ ಅಗಲವಾದ ಜಾಗದಲ್ಲಿ ತೆಳು ಪಟ್ಟೆಗಳು ಕಾಣಬಹುದು. ಇಂದಿನ ಹಸಿರು ಮುಂದಿನ ತಿಂಗಳ ಹಸಿರಿಗೆ ಹೊಂದುತ್ತದೆಂಬ ಭರವಸೆಯೂ ಇಲ್ಲ. ಆಫ್‌ಸೆಟ್‌ನಲ್ಲಾದರೆ ನಿಮ್ಮ ಬ್ರಾಂಡಿನ ಹಸಿರನ್ನೇ ಪ್ರತ್ಯೇಕ ಇಂಕಾಗಿ ಕಲಸಿ ಹೊಡೆಯಬಹುದು.

ಪ್ರತಿ ಎಣಿಸಬೇಡಿ, ಹಾಳೆ ಎಣಿಸಿ

ಎಲ್ಲಿಂದ ಆಫ್‌ಸೆಟ್ ಅಗ್ಗ ಎಂಬುದನ್ನು ಕಂಡುಕೊಳ್ಳುವ ಕ್ರಮ ಹೀಗೆ. ಕೆಳಗಿನ ಅಂಕಿಗಳು ಕ್ರಮ ತೋರಿಸಲು ಇಟ್ಟವು, ನಿಮಗೆ ಹೇಳಿದ ದರವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. ನಾಲ್ಕು ಪ್ಲೇಟು, ಜೋಡಣೆ, ಮೊದಲ ಸಾವಿರದ ಕೂಲಿ ಸೇರಿ 4,000 ರೂಪಾಯಿ ಎನ್ನೋಣ. ಕಾಗದ ಹಾಳೆಗೆ 2.50. ಹಾಳಾಗುವ 150 ಹಾಳೆಗೆ 375. ಅಲ್ಲಿಗೆ ಮೊದಲೇ ಖರ್ಚಾದ ದುಡ್ಡು 4,375. ಡಿಜಿಟಲ್‌ನಲ್ಲಿ ಕಾಗದ ಸೇರಿ ಅದೇ ಅಳತೆಯ ಹಾಳೆಗೆ 12 ರೂಪಾಯಿ ಇದ್ದರೆ, ಪ್ರತಿ ಹಾಳೆಯ ಅಂತರ 9.50. 4,375ನ್ನು 9.50ರಿಂದ ಭಾಗಿಸಿದರೆ ಸುಮಾರು 460. ಅಷ್ಟು ಹಾಳೆಯೊಳಗಿನ ಕೆಲಸ ಡಿಜಿಟಲ್ಲಿಗೆ, ಮೀರಿದ್ದು ಆಫ್‌ಸೆಟ್ಟಿಗೆ.

ಇದರಲ್ಲಿ ಬಹಳ ಮಂದಿ ಎಡವುವುದು ಪ್ರತಿ ಮತ್ತು ಹಾಳೆಯನ್ನು ಒಂದೇ ಎಂದುಕೊಂಡು. 3×4 ಇಂಚಿನ ಲೇಬಲ್ಲಿಗೆ ಸುತ್ತ 3 ಮಿ.ಮೀ. ಕತ್ತರಿಸುವ ಅಂಚು ಬಿಟ್ಟರೂ 13×19ರ ಹಾಳೆಯಲ್ಲಿ 12 ಕೂರುತ್ತವೆ. 2,000 ಲೇಬಲ್ ಎಂದರೆ ಕೇಳಲು ದೊಡ್ಡದು, ಹಾಳೆ 167 ಮಾತ್ರ. ಡಿಜಿಟಲ್ಲೇ ಸರಿ. 10,000 ಲೇಬಲ್ಲಿಗೆ 834 ಹಾಳೆ, ಆಗ ಆಫ್‌ಸೆಟ್.

ಒಂದು ಬಣ್ಣದ ಯಂತ್ರ, ನಾಲ್ಕು ಬಣ್ಣದ ಯಂತ್ರ

ಆಫ್‌ಸೆಟ್ ಎಂದೊಡನೆ ಎಲ್ಲವೂ ಒಂದೇ ಅಲ್ಲ. ತಾಲೂಕು ಕೇಂದ್ರಗಳ ಪ್ರೆಸ್ಸುಗಳಲ್ಲಿ ಹೆಚ್ಚಾಗಿ ಕಾಣುವುದು ಮಿನಿ ಆಫ್‌ಸೆಟ್, ಒಂದು ಸಲಕ್ಕೆ ಒಂದೇ ಬಣ್ಣ. ಸ್ವಲ್ಪ ದೊಡ್ಡದೆಂದರೆ ಹೈಡೆಲ್‌ಬರ್ಗ್ ಜಿಟಿಒ 52ರಂಥದು, 36×52 ಸೆಂ.ಮೀ. ಹಾಳೆ. ಒಂದು ಬಣ್ಣ, ಎರಡು ಬಣ್ಣದ ಕೆಲಸಕ್ಕೆ, ಅಂದರೆ ಬಿಲ್ ಬುಕ್, ರಸೀದಿ, ಹ್ಯಾಂಡ್‌ಬಿಲ್, ಲೆಟರ್‌ಹೆಡ್, ಪುಸ್ತಕದ ಒಳಪುಟಗಳಿಗೆ ಇವುಗಳ ಮುಂದೆ ಬೇರೆ ಯಾವುದೂ ನಿಲ್ಲದು. ಪ್ಲೇಟು ಚಿಕ್ಕದು, ಅಗ್ಗ. ಕಡಿಮೆ ಪ್ರತಿಗಾದರೆ ಅಲ್ಯೂಮಿನಿಯಂ ಬಿಟ್ಟು ಪಾಲಿಯೆಸ್ಟರ್ ಪ್ಲೇಟಿನಲ್ಲೂ ಮುಗಿಸುತ್ತಾರೆ.

ಇದೇ ಯಂತ್ರದಲ್ಲಿ ನಾಲ್ಕು ಬಣ್ಣವನ್ನೂ ಹೊಡೆಯುತ್ತಾರೆ. ಹಾಳೆ ನಾಲ್ಕು ಸಲ ಯಂತ್ರದೊಳಗೆ ಹೋಗಿಬರಬೇಕು. ಒಂದೊಂದು ಸಲವೂ ನೀರು ತಾಗುತ್ತದೆ, ನಡುವೆ ಹಾಳೆ ಗಂಟೆಗಟ್ಟಲೆ, ಕೆಲವೊಮ್ಮೆ ರಾತ್ರಿಯಿಡೀ ಕಾಯುತ್ತದೆ. ಆ ಹೊತ್ತಿನಲ್ಲಿ ಕಾಗದ ಹಿಗ್ಗುತ್ತದೆ. ಮಿ.ಮೀ.ನ ಹತ್ತನೇ ಒಂದು ಭಾಗ ಹಿಗ್ಗಿದರೂ ಸಾಕು, ಬಣ್ಣಗಳು ಒಂದರ ಮೇಲೊಂದು ಕೂರದೆ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕುತ್ತದೆ. ನಾಲ್ಕೂ ಬಣ್ಣ ಒಂದೇ ಓಟದಲ್ಲಿ ಮುಗಿಯುವ ಯಂತ್ರದಲ್ಲಿ ಆ ಅವಕಾಶವೇ ಕಡಿಮೆ. ಗಂಟೆಗೆ 10,000 ಹಾಳೆ ಮೀರಿ ಓಡುವ ಆ ಯಂತ್ರಕ್ಕೆ ಜೋಡಣೆಯ ಖರ್ಚು ಹೆಚ್ಚು, ಅದು ನಿಮ್ಮ ಬಿಲ್ಲಿನಲ್ಲೂ ಕಾಣುತ್ತದೆ. ದೊಡ್ಡ ಅಕ್ಷರದ ಜಾತ್ರೆ ಪೋಸ್ಟರು, ಎರಡು ಬಣ್ಣ ಬೇರೆ ಬೇರೆ ಜಾಗದಲ್ಲಿರುವ ಕರೆಯೋಲೆ ಇವನ್ನು ಒಂದು ಬಣ್ಣದ ಯಂತ್ರದಲ್ಲಿ ಧಾರಾಳವಾಗಿ ಮಾಡಿಸಿ. ಮುಖ, ಊಟ, ಶಿಲ್ಪ ಇರುವ ಚಿತ್ರಗಳನ್ನು ಬೇಡ.

ಶಿಲ್ಪದ ಮಾತು ಬಂದಾಗ ಒಂದು ಎಚ್ಚರ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಬೂದು ಬಣ್ಣ, ಮುದ್ರಣಕ್ಕೆ ಅದರಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಬೂದು ಎಂದರೆ ಸಯಾನ್ 50, ಮೆಜೆಂಟಾ 40, ಹಳದಿ 40 ಶೇಕಡಾದ ಹಾಗೆ ಮೂರು ಬಣ್ಣಗಳ ಸಮತೋಲ. ಮೆಜೆಂಟಾ ತುಸು ಏರಿದರೆ ಮದನಿಕೆಯ ಮೈ ಗುಲಾಬಿ, ಇಳಿದರೆ ಹಸಿರು. ಚಿತ್ರ ಸಿದ್ಧಮಾಡುವಾಗಲೇ ಬೂದಿನ ಹೆಚ್ಚಿನ ಪಾಲನ್ನು ಕಪ್ಪು ಪ್ಲೇಟಿಗೆ ಹೊರಿಸಿ, ಉಳಿದ ಮೂರನ್ನು ಇಳಿಸುವಂತೆ ಡಿಸೈನ್ ಮಾಡುವವರಿಗೆ ಹೇಳಿ. ಯಂತ್ರದಲ್ಲಿ ಹದ ಸ್ವಲ್ಪ ಆಚೀಚೆಯಾದರೂ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಮಲೆನಾಡಿನ ಮಳೆ

ಬಯಲುಸೀಮೆಯವರಿಗೆ ಹೆಚ್ಚು ಕಾಡದ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರನ್ನು ಬಿಡದ ಅಳತೆಗೋಲೊಂದಿದೆ: ಯಾವ ತಿಂಗಳು? ಮುದ್ರಣಕ್ಕೆ ಹೇಳಿಮಾಡಿಸಿದ ಗಾಳಿಯ ತೇವಾಂಶ ಶೇ. 50-55. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದಕ್ಕಿಂತ ಎಷ್ಟೋ ಮೇಲೆ. ರೀಮಿನ (500 ಹಾಳೆಯ ಕಟ್ಟಿನ) ಕವಚ ಬಿಚ್ಚಿಟ್ಟರೆ ಕಾಗದದ ಅಂಚು ತೇವ ಕುಡಿದು ಅಲೆಅಲೆಯಾಗುತ್ತದೆ. ಅಂಥ ಹಾಳೆ ಯಂತ್ರದೊಳಗೆ ನೇರವಾಗಿ ಹೋಗದು, ಹೋದರೂ ಸುಕ್ಕು ಬೀಳುತ್ತದೆ, ಬಣ್ಣ ಬಣ್ಣಕ್ಕೆ ಕೂರದು. ಆಫ್‌ಸೆಟ್ ಇಂಕು ಒಣಗುವುದು ಪಾಲು ಕಾಗದ ಹೀರಿಕೊಂಡು, ಪಾಲು ಗಾಳಿಯ ಆಮ್ಲಜನಕ ತಾಗಿ. ತೇವವಿದ್ದಾಗ ಎರಡೂ ನಿಧಾನ. ಒಣಗದ ಹಾಳೆಯನ್ನು ಎತ್ತರಕ್ಕೆ ಪೇರಿಸಿದರೆ ಕೆಳಗಿನ ಹಾಳೆಯ ಮುಖ ಮೇಲಿನ ಹಾಳೆಯ ಬೆನ್ನಿಗೆ ಅಚ್ಚೊತ್ತುತ್ತದೆ.

ಡಿಜಿಟಲ್ ಇದರಿಂದ ಪಾರಾಯಿತೆಂದಲ್ಲ. ತೇವದ ಕಾಗದ ಟೋನರನ್ನು ಸಮವಾಗಿ ಸೆಳೆಯದು, ಬಣ್ಣ ಚುಕ್ಕೆಚುಕ್ಕೆಯಾಗುತ್ತದೆ. ಕಾದ ರೋಲರಿನಲ್ಲಿ ನೀರು ಹಬೆಯಾಗಿ ಹಾಳೆ ಸುರುಳಿ ಸುತ್ತಿ ಸಿಕ್ಕಿಹಾಕಿಕೊಳ್ಳುತ್ತದೆ. ಆದರೂ ಒಣಗಲು ಕಾಯಬೇಕಿಲ್ಲ ಎಂಬ ಒಂದು ಅನುಕೂಲ ಮಳೆಗಾಲದಲ್ಲಿ ದೊಡ್ಡದೇ.

ಹಾಗಾಗಿ ಜುಲೈ ತಿಂಗಳ ಕೆಲಸಕ್ಕೆ ಪ್ರೆಸ್ಸಿನವರನ್ನು ಎರಡು ಮಾತು ಕೇಳಿ. ಕಾಗದವನ್ನು ಯಂತ್ರದ ಕೋಣೆಯಲ್ಲೇ ಕವಚ ಬಿಚ್ಚದೆ ಒಂದು ದಿನ ಇಡುತ್ತೀರಾ? ಅಚ್ಚಾದ ಮೇಲೆ ಕಟಿಂಗಿಗೆ ಮುಂಚೆ ಎಷ್ಟು ಹೊತ್ತು ಬಿಡುತ್ತೀರಿ? ಒಣ ದಿನಗಳಲ್ಲಿ 24 ಗಂಟೆ ಸಾಕು. ಮಳೆಯಲ್ಲಿ ಎರಡು ದಿನ ಬೇಕೆಂದರೆ ಕೊಡಿ. ಮ್ಯಾಟ್ ಆರ್ಟ್ ಪೇಪರಿನ ಮೇಲೆ ಕಪ್ಪು ಅಥವಾ ಕಡುನೀಲಿ ಹಿನ್ನೆಲೆ ಇದ್ದರೆ ಇನ್ನೂ ತಾಳ್ಮೆ ಬೇಕು, ಬೆರಳು ಸವರಿದರೂ ಗುರುತು ಬೀಳುವ ಕಾಗದ ಅದು. ತುರ್ತಿದ್ದರೆ ಲೇಪವಿಲ್ಲದ ಮ್ಯಾಪ್‌ಲಿತೊ ಕಾಗದಕ್ಕೆ ಬದಲಾಯಿಸಿಕೊಳ್ಳಿ, ಅದು ಇಂಕನ್ನು ಬೇಗ ಹೀರುತ್ತದೆ.

ಸ್ಕ್ರೀನ್ ಮತ್ತು ಹೊರಗೆ ಕಳಿಸುವುದು

ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ಇಂಕು ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ಇಂದಿಗೂ ಉಳಿದಿರುವುದು ಉಳಿದವು ಮಾಡಲಾಗದ್ದನ್ನು ಮಾಡುವುದರಿಂದ. ಕಡುಗೆಂಪು ಕಾರ್ಡಿನ ಮೇಲೆ ಚಿನ್ನದ ಬಣ್ಣ, ಕಪ್ಪು ಕಾಗದದ ಮೇಲೆ ಬಿಳಿ, ಬಟ್ಟೆಚೀಲ, ಮರ, ಪ್ಲಾಸ್ಟಿಕ್, ಎಲ್ಲಕ್ಕೂ ಇಂಕನ್ನು ದಪ್ಪಗೆ ಕೂರಿಸುತ್ತದೆ. ಸಿದ್ಧ ಲಗ್ನಪತ್ರಿಕೆ ಕಾರ್ಡಿನ ಮೇಲೆ ಇನ್ನೂರು ಮುನ್ನೂರು ಹೊಡೆಸಲು ಇದೇ ಸಹಜವಾದ ಆಯ್ಕೆ. ಬಣ್ಣ ಒಂದಕ್ಕೆ ಒಂದು ಚೌಕಟ್ಟು, ಪ್ರತಿ ಕಾರ್ಡನ್ನೂ ಬಿಡಿಬಿಡಿಯಾಗಿ ಒಣಗಲು ಹರಡಬೇಕು. ಜಾಲರಿಯ ಕಣ್ಣಿನಲ್ಲಿ ಸಣ್ಣ ಒತ್ತು, ಕೊಂಬು, ಸುಳಿ ಮುಚ್ಚಿಹೋಗುವುದರಿಂದ 10 ಪಾಯಿಂಟ್‌ಗಿಂತ ಚಿಕ್ಕ ಕನ್ನಡ ಹಾಕಿಸಬೇಡಿ. ಬಂಧುಗಳ ಹೆಸರಿನ ಪಟ್ಟಿ ಉದ್ದವಿದ್ದರೆ ಒಳಹಾಳೆಯನ್ನು ಆಫ್‌ಸೆಟ್‌ನಲ್ಲಿ ಹಾಕಿಸಿ, ಹೊರಗಿನ ಗಣಪತಿಯನ್ನು ಸ್ಕ್ರೀನಿಗೆ ಬಿಡಿ.

ದೊಡ್ಡ ಊರಿಗೆ ಕಳಿಸುವುದು ಯಾವಾಗ? ಹತ್ತಾರು ಗಿರಾಕಿಗಳ ಕೆಲಸವನ್ನು ಒಂದೇ ದೊಡ್ಡ ಹಾಳೆಯಲ್ಲಿ ಕೂರಿಸಿ ಹೊಡೆಯುವುದರಿಂದ ವಿಸಿಟಿಂಗ್ ಕಾರ್ಡು, ಸ್ಟಿಕ್ಕರು ಅಲ್ಲಿ ಅಗ್ಗ. ಪ್ಲೇಟಿನ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಆದರೆ ನಿಮ್ಮ ಪಕ್ಕದ ಕೆಲಸಕ್ಕೆ ಕೆಂಪು ಹೆಚ್ಚು ಬೇಕಾದರೆ ಅದೇ ಸಾಲಿನಲ್ಲಿರುವ ನಿಮ್ಮದಕ್ಕೂ ಕೆಂಪು ಏರುತ್ತದೆ, ಯಾರನ್ನೂ ಕೇಳುವಂತಿಲ್ಲ. ಕ್ಯಾಲೆಂಡರಿನಂಥ ಸಾವಿರಾರು ಪ್ರತಿಯ ಬಣ್ಣದ ಕೆಲಸಕ್ಕೆ ಶಿವಕಾಶಿ ಸರಿ. ಪುಸ್ತಕಕ್ಕೆ ತೂಕ ಎಣಿಸಿ: 160 ಪುಟದ 1/8 ಡೆಮಿ (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆ) ಪುಸ್ತಕ ಒಂದು ಸಾವಿರ ಪ್ರತಿಗೆ 23×36 ಇಂಚಿನ 70 ಜಿಎಸ್‌ಎಂ ಕಾಗದ 10 ರೀಮು ಬೇಕು, ರೀಮಿಗೆ 18.7 ಕೆ.ಜಿ., ಅಂದರೆ ಒಳಪುಟವೇ ಹತ್ತಿರ 187 ಕೆ.ಜಿ. ಬೆಂಗಳೂರಿನಿಂದ ಹಾಸನಕ್ಕೆ 180 ಕಿ.ಮೀ. ಸಾಗಿಸುವ ಬಾಡಿಗೆ ಸೇರಿಸಿದ ಮೇಲೆ ದರ ಹೋಲಿಸಿ. ಊರಿನ ಪ್ರೆಸ್ಸಿನಲ್ಲಿ ಮೊದಲ ಹಾಳೆ ಬಂದಾಗ ಯಂತ್ರದ ಪಕ್ಕ ನಿಂತು "ಸ್ವಲ್ಪ ಕಪ್ಪು ಇಳಿಸಿ" ಎನ್ನಬಹುದು. ಬಣ್ಣದ ಬಗ್ಗೆ ಖಚಿತ ಅಭಿಪ್ರಾಯ ಇರುವವರಿಗೆ ಇದಕ್ಕೆ ಬೆಲೆ ಕಟ್ಟಲಾಗದು.

ಆ ನಾಲ್ಕು ಕೆಲಸಗಳು

ಬೇಲೂರಿನ ಕರಪತ್ರ: ಎ4 ಅಳತೆ, ಎರಡು ಬದಿ ಬಣ್ಣ, 130 ಜಿಎಸ್‌ಎಂ ಆರ್ಟ್ ಪೇಪರ್, ಮೂರು ಮಡಿಕೆ. 18×25 ಇಂಚಿನ ಹಾಳೆಯಲ್ಲಿ ನಾಲ್ಕು ಕೂರುತ್ತವೆ. ಎರಡು ಮುಂಭಾಗ, ಎರಡು ಹಿಂಭಾಗವನ್ನು ಒಂದೇ ಪ್ಲೇಟಿನಲ್ಲಿಟ್ಟು, ಒಂದು ಬದಿ ಹೊಡೆದು ಹಾಳೆ ಮಗುಚಿ ಅದೇ ಪ್ಲೇಟಿನಲ್ಲಿ ಇನ್ನೊಂದು ಬದಿ ಹೊಡೆಯುತ್ತಾರೆ. ಇದನ್ನು ಸೆಲ್ಫ್ ಬ್ಯಾಕ್ ಎನ್ನುತ್ತಾರೆ. ಎಂಟು ಪ್ಲೇಟಿನ ಬದಲು ನಾಲ್ಕೇ ಸಾಕು. ಸಾವಿರ ಕರಪತ್ರಕ್ಕೆ 250 ಹಾಳೆ, ಎರಡು ಬದಿ ಸೇರಿ 500 ಒತ್ತು (ಹಾಳೆಯ ಒಂದು ಬದಿ ಒಮ್ಮೆ ಅಚ್ಚಾದರೆ ಒಂದು ಒತ್ತು), ಸಾವಿರದ ಕೂಲಿಯೊಳಗೇ ಮುಗಿಯಿತು. ಡಿಜಿಟಲ್‌ನಲ್ಲಿ ಹಾಳೆಗೆ ಎರಡರಂತೆ 500 ಹಾಳೆ, ಎರಡು ಬದಿ, ಅಂದರೆ ಸಾವಿರ ಒತ್ತಿನ ದುಡ್ಡು. ಸಾವಿರಕ್ಕೆ ಆಫ್‌ಸೆಟ್ ಎಂದು ಕಣ್ಣುಮುಚ್ಚಿ ಹೇಳಬಹುದು. ಕೋಣೆಯ ಬಾಡಿಗೆ ಋತುವಿಗೊಮ್ಮೆ ಬದಲಾಗುತ್ತದೆಂದರೆ ಕರಪತ್ರದಲ್ಲಿ ದರ ಹಾಕಲೇಬೇಡಿ, ಅದಕ್ಕೊಂದು ಸಣ್ಣ ಚೀಟಿಯನ್ನು ಬೇಕಾದಾಗ ಐವತ್ತರಂತೆ ಡಿಜಿಟಲ್‌ನಲ್ಲಿ ತೆಗೆಸಿ.

ಕಾಫಿಪುಡಿ ಲೇಬಲ್: ಬಣ್ಣದ ಅಚ್ಚಿರುವ ಪೊಟ್ಟಣವನ್ನೇ ಮಾಡಿಸಬೇಕೆಂದರೆ ಅದು ಗ್ರೇವರ್ ಕೆಲಸ, ಬಣ್ಣಕ್ಕೊಂದು ಕೆತ್ತಿದ ಸಿಲಿಂಡರು ಬೇಕು, ದೊಡ್ಡ ಪ್ರಮಾಣಕ್ಕೆ ಮಾತ್ರ ಹೊಂದುತ್ತದೆ. ಸಣ್ಣವರಿಗೆ ಸಾದಾ ಪೊಟ್ಟಣ, ಮೇಲೆ ಲೇಬಲ್. ಕಾಫಿಗೆ ಚಿಕೋರಿ ಬೆರೆಸಿದ್ದರೆ ಎರಡರ ಶೇಕಡಾವಾರು ಪ್ರಮಾಣ ಲೇಬಲ್ಲಿನಲ್ಲಿ ಇರಲೇಬೇಕು, ಚಿಕೋರಿ ಶೇ. 49 ಮೀರುವಂತಿಲ್ಲ. ಮಿಶ್ರಣ ಬದಲಾಯಿಸಿದ ದಿನ ಹಳೆಯ ಲೇಬಲ್ಲೆಲ್ಲ ವ್ಯರ್ಥ. ಆದ್ದರಿಂದ ಮಿಶ್ರಣ ಇನ್ನೂ ಪ್ರಯೋಗದಲ್ಲಿರುವ ಮೊದಲ ವರ್ಷ ಡಿಜಿಟಲ್‌ನಲ್ಲಿ ಐನೂರು, ಸಾವಿರದಂತೆ ತೆಗೆಸಿ. ಲೆಕ್ಕದಲ್ಲಿ ತುಟ್ಟಿ ಎನಿಸಿದರೂ ಬಿಸಾಡುವುದು ತಪ್ಪುತ್ತದೆ. ಮಾರಾಟ ನೆಲೆಗೊಂಡ ಮೇಲೆ ಆಫ್‌ಸೆಟ್ಟಿಗೆ ಬನ್ನಿ. 80:20, 70:30, 60:40, ಶುದ್ಧ ಕಾಫಿ ಎಂದು ನಾಲ್ಕು ಬಗೆ ಇದ್ದರೆ 12ರ ಹಾಳೆಯಲ್ಲಿ ಮೂರು ಮೂರರಂತೆ ಹಂಚಿ ಒಂದೇ ಪ್ಲೇಟಿನಲ್ಲಿ ಮುಗಿಸಬಹುದು, ನಾಲ್ಕೂ ಒಂದೇ ವೇಗದಲ್ಲಿ ಖರ್ಚಾಗುವಂತಿದ್ದರೆ ಮಾತ್ರ. ಬೆಲೆ, ಬ್ಯಾಚು, ತಯಾರಿಸಿದ ತಿಂಗಳಿಗೆ ಖಾಲಿ ಜಾಗ ಬಿಟ್ಟು ಆಮೇಲೆ ಕೋಡರಿನಿಂದ (ಅಂಥ ವಿವರ ಒತ್ತುವ ಸಣ್ಣ ಯಂತ್ರ) ಹಾಕಿಕೊಳ್ಳಿ. ಆ ಖಾಲಿ ಜಾಗದ ಮೇಲೆ ಲ್ಯಾಮಿನೇಷನ್ ಬಂದರೆ ನಿಮ್ಮ ಕೋಡರಿನ ಶಾಯಿ ಅದರ ಮೇಲೆ ನಿಲ್ಲುತ್ತದೆಯೆ ಎಂದು ಒಂದು ತುಂಡಿನ ಮೇಲೆ ಮೊದಲೇ ಪರೀಕ್ಷಿಸಿ. ಲ್ಯಾಮಿನೇಷನ್ ಬೇಡವೆನ್ನುವ ಹಾಗಿಲ್ಲ, ಹುರಿದ ಕಾಫಿಯ ಎಣ್ಣೆ ಕೈಯಿಂದ ಲೇಬಲ್ಲಿಗೆ ಬಂದೇ ಬರುತ್ತದೆ.

ಮಂಡಿಯ ಬಿಲ್ ಬುಕ್: ಒಂದು ಬಣ್ಣದ ಮಿನಿ ಆಫ್‌ಸೆಟ್, ಚರ್ಚೆಯೇ ಬೇಡ. ಸರಕು ಮಾರಾಟಕ್ಕೆ ಜಿಎಸ್‌ಟಿ ನಿಯಮದಂತೆ ಮೂರು ಪ್ರತಿ ಬೇಕು: ಕೊಂಡವರಿಗೆ, ಸಾಗಿಸುವವರಿಗೆ, ಮಾರಿದವರಿಗೆ. ಸೇವೆಗಾದರೆ ಎರಡು ಸಾಕು. 50 ಬಿಲ್ಲಿನ 20 ಪುಸ್ತಕಕ್ಕೆ 3,000 ಹಾಳೆ. ಕಾರ್ಬನ್‌ರಹಿತ ಕಾಗದವಾದರೆ ಮೇಲೆ ಸಿಬಿ (ಬೆನ್ನಿಗೆ ಲೇಪ), ನಡುವೆ ಸಿಎಫ್‌ಬಿ (ಎರಡೂ ಬದಿಗೆ ಲೇಪ), ಕೆಳಗೆ ಸಿಎಫ್ (ಮುಖಕ್ಕೆ ಲೇಪ), ಈ ಕ್ರಮ ತಪ್ಪಿದರೆ ಬರೆದದ್ದು ಕೆಳಗಿಳಿಯುವುದಿಲ್ಲ. ಯಂತ್ರದ ಒತ್ತಡ ಹೆಚ್ಚಾದರೆ ಕಾಗದದ ಬೆನ್ನಿನ ಸೂಕ್ಷ್ಮ ಗುಳಿಗೆಗಳು ಒಡೆದು ಬಿಲ್ಲಿನ ತುಂಬ ನೀಲಿ ಕಲೆ. ಒಂದು ಪುಸ್ತಕ ಕಟ್ಟಿದ ಮೇಲೆ ಮೂರನೇ ಪ್ರತಿಯವರೆಗೆ ಬರೆದು ನೋಡಿಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ. ಬಿಲ್ಲಿನ ಸಂಖ್ಯೆ ಅಕ್ಷರ, ಅಂಕಿ, ಗೆರೆ ಸೇರಿ 16 ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು. ವರ್ಷದ ಅಂಕಿಯನ್ನು ಪ್ಲೇಟಿನಲ್ಲೇ ಸೇರಿಸಿದರೆ ಮಾರ್ಚ್ ಮುಗಿದೊಡನೆ ಉಳಿದ ಪುಸ್ತಕ ರದ್ದಿಗೆ. ನಂಬರಿಂಗ್ ಮಾಡುವಾಗ ಸೇರಿಸುವಂತೆ ಹೇಳಿ.

ಕವನ ಸಂಕಲನ: 96 ಪುಟ, 1/8 ಡೆಮಿ. ಪ್ರೆಸ್ಸಿನ ಲೆಕ್ಕದಲ್ಲಿ 16 ಪುಟದ ಆರು ಫಾರಂ (ಒಂದು ಹಾಳೆಯ ಎರಡೂ ಬದಿ ಸೇರಿ ಅಚ್ಚಾಗುವ ಪುಟಗಳ ಕಂತೆ). ಪುಟಗಳನ್ನು 16ರ ಗುಣಕಕ್ಕೆ ತಂದುಕೊಳ್ಳುವುದು ಮೊದಲ ಉಳಿತಾಯ, 98 ಪುಟವಾದರೆ ಎರಡು ಪುಟಕ್ಕಾಗಿ ಹೊಸ ಫಾರಂ ಹಾಕಬೇಕು. 18×23 ಇಂಚಿನ ಹಾಳೆಗೆ ಬದಿಗೊಂದರಂತೆ 12 ಪ್ಲೇಟು. 300 ಪ್ರತಿ ಎಂಬುದು ಗಡಿಯ ಮೇಲಿನ ಸಂಖ್ಯೆ. ಸಾಮಾನ್ಯವಾಗಿ 300ರಿಂದ 500ರ ನಡುವೆ ತಕ್ಕಡಿ ಆಫ್‌ಸೆಟ್ ಕಡೆ ವಾಲುತ್ತದೆ. 200ರೊಳಗೆ ಸಾಕು, ಬೇಕಾದರೆ ಮತ್ತೆ ತರುತ್ತೇನೆ ಎನ್ನುವವರು ಡಿಜಿಟಲ್ಲಿಗೆ ಹೋಗಿ. 500 ಖರ್ಚಾಗುತ್ತದೆಂಬ ಧೈರ್ಯವಿದ್ದರೆ ಆಫ್‌ಸೆಟ್. ಓದಿನ ಸುಖದ ದೃಷ್ಟಿಯಿಂದ ಹೇಳುವುದಾದರೆ, ತುಸು ಹಳದಿ ಛಾಯೆಯ ಎನ್‌ಎಸ್ ಕಾಗದದ ಮೇಲೆ ಆಫ್‌ಸೆಟ್ ಕಪ್ಪು ಹೊಳೆಯದೆ ಕಾಗದದೊಳಗೆ ಇಳಿದು ನಿಲ್ಲುತ್ತದೆ, ಟೋನರಿನ ಕಪ್ಪು ದೀಪದ ಕೆಳಗೆ ಮಿನುಗುತ್ತದೆ. ಕವಿತೆಗೆ ಮೊದಲನೆಯದೇ ಚೆಂದ. ಮುಖಪುಟ ಹೇಗಿದ್ದರೂ ಬೇರೆಯೇ ಅಚ್ಚಾಗುವುದರಿಂದ ಒಳಪುಟ ಆಫ್‌ಸೆಟ್, 300 ಮುಖಪುಟ ಡಿಜಿಟಲ್ ಎಂಬ ಬೆರಕೆಯೂ ಒಳ್ಳೆಯದೇ.

ಮಲೆನಾಡಿನ ಪುಸ್ತಕಗಳಿಗೆ ಇನ್ನೊಂದು ಕಾಟ, ಮುಖಪುಟ ಸುರುಳಿಯೇಳುವುದು. ಲ್ಯಾಮಿನೇಷನ್ ಆದ ಹೊರಬದಿ ತೇವ ಕುಡಿಯದು, ಒಳಬದಿ ಕುಡಿದು ಹಿಗ್ಗುತ್ತದೆ, ರಟ್ಟು ಹೊರಕ್ಕೆ ಬಾಗುತ್ತದೆ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಬರುವಂತೆ ಹಾಳೆ ಕತ್ತರಿಸಬೇಕು, 300 ಜಿಎಸ್‌ಎಂ ಕಾರ್ಡು ಬಳಸಬೇಕು, ಕಟ್ಟುಗಳನ್ನು ಭಾರದ ಕೆಳಗೆ ಇಡಬೇಕು. ಇಷ್ಟು ಮಾಡಿದರೆ ಬಾಗುವುದು ಬಹಳ ಕಡಿಮೆಯಾಗುತ್ತದೆ.

ಫೈಲ್ ಕೊಡುವಾಗ

ಯಾವ ದಾರಿ ಹಿಡಿದರೂ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಫೋಟೊ ಅಚ್ಚಾಗುವ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕು. ವಾಟ್ಸ್ಆಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೊಬೈಲ್ ಪರದೆಯಲ್ಲಿ ಹೊಳೆಯುವ ತೋಟದ ಹಸಿರು ನಾಲ್ಕು ಇಂಕಿನಲ್ಲಿ ಅಷ್ಟು ಹೊಳೆಯದು, ಸಿಎಂವೈಕೆಗೆ (ಆ ನಾಲ್ಕು ಇಂಕಿನ ಲೆಕ್ಕಕ್ಕೆ) ಬದಲಾಯಿಸಿದ ಮೇಲೆಯೇ ಬಣ್ಣ ಒಪ್ಪಿಕೊಳ್ಳಿ. ಓದುವ ಅಕ್ಷರ ಕಪ್ಪು ಪ್ಲೇಟಿನಲ್ಲಿ ಮಾತ್ರ ಇರಲಿ. ನಾಲ್ಕು ಬಣ್ಣ ಬೆರೆತ ಕಪ್ಪಿನಲ್ಲಿ ಅಕ್ಷರ ಹಾಕಿದರೆ ಜೋಡಣೆ ಕೂದಲೆಳೆ ತಪ್ಪಿದರೂ ಪ್ರತಿ ಅಕ್ಷರಕ್ಕೂ ನೆರಳು ಹುಟ್ಟುತ್ತದೆ. ಬಣ್ಣದ ಹಿನ್ನೆಲೆಯ ಮೇಲೆ ಬಿಳಿ ಕನ್ನಡ ಅಕ್ಷರ ಬೇಕೆಂದರೆ ದಪ್ಪ ಅಕ್ಷರ, 10 ಪಾಯಿಂಟ್ ಮೇಲೆ. ಇಲ್ಲದಿದ್ದರೆ ಒತ್ತುಗಳೊಳಗೆ ಇಂಕು ತುಂಬಿ "ಕ್ಷ" ಯಾವುದು "ಕ್ಕ" ಯಾವುದು ತಿಳಿಯದು.

ಕನ್ನಡಕ್ಕೇ ಮೀಸಲಾದ ತೊಂದರೆ ಫಾಂಟಿನದು. ಹಳೆಯ ನುಡಿ, ಬರಹ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಹಳೆಯ ಪೇಜ್‌ಮೇಕರ್, ಕೋರೆಲ್‌ಡ್ರಾಗಳಿಗೆ ಹಾಕಿದರೆ ಒತ್ತು ಬಿಡಿಯಾಗಿ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬದಲಿಸುತ್ತದೆ. ಹಾಗಾಗಿ ಕರಡು ತಿದ್ದುವುದನ್ನು ಪರಿವರ್ತನೆ ಆದ ಮೇಲೆ ಮಾಡಿ, ಮುಂಚೆ ತಿದ್ದಿದ್ದು ಲೆಕ್ಕಕ್ಕಿಲ್ಲ. ಕೊನೆಯ ಪಿಡಿಎಫ್‌ನಲ್ಲಿ ಫಾಂಟು ಸೇರಿಕೊಂಡಿರಬೇಕು ಅಥವಾ ಅಕ್ಷರಗಳು ಕರ್ವ್ (ಫಾಂಟಿನ ಹಂಗಿಲ್ಲದ ಗೆರೆಚಿತ್ರ) ಆಗಿರಬೇಕು.

ಚುನಾವಣೆಯ ಕರಪತ್ರ ಹಾಕಿಸುವವರು ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸಕ್ಕೆ ಜಾಗ ಬಿಡಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಅದನ್ನು ಕಡ್ಡಾಯ ಮಾಡಿದೆ, ಅದಿಲ್ಲದೆ ಯಾವ ಪ್ರೆಸ್ಸಿನವರೂ ಹೊಡೆಯುವಂತಿಲ್ಲ.

ದರಪಟ್ಟಿ ಕೇಳುವಾಗ ಇಬ್ಬರು ಮೂವರಿಗೂ ಒಂದೇ ಚೀಟಿ ಕೊಡಿ: ಕತ್ತರಿಸಿದ ಮೇಲಿನ ಅಳತೆ, ಪುಟ ಸಂಖ್ಯೆ, ಕಾಗದದ ಹೆಸರು ಮತ್ತು ಜಿಎಸ್‌ಎಂ, ಯಾವ ಬದಿಗೆ ಎಷ್ಟು ಬಣ್ಣ, ಮಡಿಕೆ, ಬೈಂಡಿಂಗ್, ಪ್ರತಿ, ತಾರೀಕು. ಪ್ರತಿಗಳನ್ನು ಎರಡು ಸಂಖ್ಯೆಯಲ್ಲಿ ಕೇಳಿ, 300ಕ್ಕೆ ಎಷ್ಟು, 1,000ಕ್ಕೆ ಎಷ್ಟು ಎಂದು. ಎರಡು ದರಗಳ ಅಂತರವನ್ನು 700ರಿಂದ ಭಾಗಿಸಿದರೆ ಹೆಚ್ಚುವರಿ ಪ್ರತಿಯೊಂದರ ನಿಜವಾದ ಬೆಲೆ ಸಿಗುತ್ತದೆ. ಅದು 300ರ ದರದಲ್ಲಿ ಒಂದು ಪ್ರತಿಗೆ ಬೀಳುವ ಬೆಲೆಗಿಂತ ತೀರ ಕಡಿಮೆ ಇದ್ದರೆ ನಿಮಗೆ ಹೇಳಿದ್ದು ಆಫ್‌ಸೆಟ್ ದರ, ಹೆಚ್ಚುಕಡಿಮೆ ಅಷ್ಟೇ ಇದ್ದರೆ ಡಿಜಿಟಲ್ ದರ. ಆಫ್‌ಸೆಟ್ ಎಂದು ಹೇಳಿ ಸಣ್ಣ ಕೆಲಸವನ್ನು ಡಿಜಿಟಲ್‌ನಲ್ಲಿ ಮುಗಿಸುವವರಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ. ಪ್ಲೇಟುಗಳನ್ನು ಇಟ್ಟುಕೊಳ್ಳುತ್ತೀರಾ, ಎಷ್ಟು ತಿಂಗಳು ಎಂದೂ ಕೇಳಿ ಬರೆಸಿಕೊಳ್ಳಿ. ಗೋಂದು ಸವರಿ ಜೋಪಾನವಾಗಿಟ್ಟ ಪ್ಲೇಟು ಮರುಮುದ್ರಣಕ್ಕೆ ಆಗುತ್ತದೆ, ಹಾಗೇ ಬಿಟ್ಟದ್ದು ತುಕ್ಕುಕಲೆ ಹಿಡಿದು ಮಾಸಲು ಹೊಡೆಯುತ್ತದೆ.